ಬೆಟ್ಟದಲ್ಲಿ ಬಿದ್ದ ಹೆಲಿಕಾಪ್ಟರು: ಕಾರಣವನ್ನು ಅರಸುವ ಬಗೆ

2021ನೆಯ ಇಸವಿ ಡಿಸೆಂಬರ್ 8ರಂದು ಕೊಯಮತ್ತೂರಿನ ಬಳಿಯ ಸೂಲೂರು ವಾಯುನೆಲೆಯಿಂದ ಭಾರತೀಯ ವಾಯುಪಡೆಯ ಎಂಐ-17 ವಿ5 ಹೆಲಿಕಾಪ್ಟರೊಂದು ನೀಲಗಿರಿಯ ವೆಲಿಂಗ್ಟನ್ನಿಗೆ ಹೊರಟಿತು. ಹೊರಟುದು 11 ಗಂಟೆ 48 ನಿಮಿಷಕ್ಕೆ. ಇಳಿಯಬೇಕಾಗಿದ್ದುದು 12 ಗಂಟೆ 15 ನಿಮಿಷಕ್ಕೆ. 12 ಗಂಟೆ 8 ನಿಮಿಷದ ಸುಮಾರಿಗೆ ಸೂಲೂರಿನ ನಿಯಂತ್ರಣ ಕೇಂದ್ರದೊಡನೆ ಅದರ ಸಂಪರ್ಕ ಕಡಿದುಹೋಯಿತು. ಕೂನೂರಿನ ಸಮೀಪದ ನಂಜಪ್ಪ ಚತ್ರಂ ಎಂಬ ಊರಿನ ಜನರು ದೊಡ್ಡ ಸದ್ದನ್ನು ಕೇಳಿ ಓಡಿಬಂದಾಗ ಯಂತ್ರವು ಮರಗಳ ನಡುವೆ ಬಿದ್ದು ಉರಿಯುತ್ತಿತ್ತು. ಅವರು ತಮ್ಮ ಮನೆಯ ಕಂಬಳಿಗಳನ್ನು ತಂದು ಗಾಯಾಳುಗಳನ್ನು ಸಾಗಿಸಲು ನೆರವಾದರು. ಅದರಲ್ಲಿದ್ದ 14 ಮಂದಿಯಲ್ಲಿ 13 ಮಂದಿ ಅಂದೇ ತೀರಿಕೊಂಡರು. ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ಅವರೂ ಅವರ ಪತ್ನಿ ಮಧುಲಿಕಾ ರಾವತ್ ಅವರೂ ಆ ಪೈಕಿ ಇದ್ದರು. ಬದುಕುಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರು ಡಿಸೆಂಬರ್ 15ರಂದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಅಸುನೀಗಿದರು.

ಇಂತಹ ದುರಂತವಾದೊಡನೆ ಊಹಾಪೋಹಗಳಿಗೆ ಕೊರತೆಯಿರುವುದಿಲ್ಲ. ಶತ್ರುಗಳ ಸಂಚೆಂದು ಕೆಲವರು, ಯಂತ್ರವೇ ಸರಿಯಿರಲಿಲ್ಲವೆಂದು ಕೆಲವರು ಆಡಿಕೊಂಡರು. ನಿಜವನ್ನು ತಿಳಿಯಲು ಮೂರೂ ಪಡೆಗಳ ಒಂದು ತನಿಖಾ ಮಂಡಳಿಯು ನೇಮಕವಾಯಿತು. ಸ್ವತಃ ಹೆಲಿಕಾಪ್ಟರ್ ಚಾಲಕರಾಗಿದ್ದ ಏರ್ ಮಾರ್ಷಲ್ ಮಾನವೇಂದ್ರ ಸಿಂಗ್ ಅವರು ಅದರ ಅಧ್ಯಕ್ಷರು.

ಸುಟ್ಟು ಕರಕಲಾದ ಲೋಹದಿಂದ ತನಿಖೆಗಾರರು ತಿಳಿಯುವುದಾದರೂ ಏನನ್ನು ಎಂದು ವಿದ್ಯಾರ್ಥಿಗಳು ಕೇಳಬಹುದು. ಬಹಳವನ್ನು ತಿಳಿಯಬಹುದು. ಇಂತಹ ತನಿಖೆಗಳಲ್ಲಿ ಮೊದಲು ಮರಗಳನ್ನೇ ನೋಡುತ್ತಾರೆ. ಯಾವ ಮರದ ಕೊಂಬೆ ಎಷ್ಟು ಎತ್ತರದಲ್ಲಿ, ಯಾವ ಓರೆಯಲ್ಲಿ ಕತ್ತರಿಸಿದೆಯೆಂದು ಅಳೆದರೆ ಯಂತ್ರವು ಯಾವ ದಿಕ್ಕಿನಿಂದ ಎಷ್ಟು ವಾಲಿಕೊಂಡು ಬಂದಿತೆಂಬುದು ತಿಳಿಯುತ್ತದೆ. ಚೂರುಗಳೆಲ್ಲ ಒಂದೇ ಕಡೆ ಬಿದ್ದಿವೆಯೋ, ಇಲ್ಲವೇ ಒಂದು ಭಾಗವು ಬಹುದೂರ ಹಿಂದೆಯೇ ಕಳಚಿ ಬಿದ್ದಿದೆಯೋ ಎಂದು ಹುಡುಕುತ್ತಾರೆ. ಆಕಾಶದಲ್ಲಿಯೇ ಮುರಿದ ಯಂತ್ರದ ಅವಶೇಷಗಳು ಒಂದೇ ಸ್ಥಳದಲ್ಲಿ ಸಿಕ್ಕುವುದು ಕಷ್ಟ. ರೆಕ್ಕೆಗಳು ಚೂರುಚೂರಾಗಿದ್ದರೆ ಬೀಳುವ ಗಳಿಗೆಯಲ್ಲಿಯೂ ಎಂಜಿನು ಅವುಗಳನ್ನು ರಭಸದಿಂದ ತಿರುಗಿಸುತ್ತಿತ್ತೆಂದು ಅರ್ಥ. ಮಸಿಯ ಗುರುತುಗಳನ್ನು ನೋಡಿ ಬೆಂಕಿಯು ಬೀಳುವ ಮೊದಲೇ ಹೊತ್ತಿತ್ತೋ, ಬಿದ್ದ ಮೇಲೆ ಹೊತ್ತಿತೋ ಎಂಬುದನ್ನು ನಿರ್ಣಯಿಸುತ್ತಾರೆ. ಇಂಧನವನ್ನೂ ದುರಸ್ತಿಯ ದಾಖಲೆಗಳನ್ನೂ ಪರೀಕ್ಷಿಸುವುದುಂಟು.

ಕೂನೂರಿನಲ್ಲಿ ಮರುದಿನವೇ ಎರಡು ದಾಖಲೆಪೆಟ್ಟಿಗೆಗಳು ದೊರೆತವು. ಅವನ್ನು ಕಪ್ಪು ಪೆಟ್ಟಿಗೆಯೆಂದು ಕರೆಯುವುದು ವಾಡಿಕೆ. ಆದರೆ ಸುಲಭವಾಗಿ ಕಣ್ಣಿಗೆ ಬೀಳಲೆಂದು ಇಂತಹ ಪೆಟ್ಟಿಗೆಗಳಿಗೆ ಬಳಿಯುವುದು ಕಿತ್ತಳೆಯ ಬಣ್ಣವನ್ನು! ಒಂದರಲ್ಲಿ ಎತ್ತರ, ವೇಗ, ದಿಕ್ಕು ಮೊದಲಾದವು ಕ್ಷಣಕ್ಷಣಕ್ಕೂ ದಾಖಲಾಗುತ್ತವೆ. ಇನ್ನೊಂದರಲ್ಲಿ ಚಾಲಕರ ಮಾತುಗಳೂ ಅವರ ಕೋಣೆಯ ಸದ್ದುಗಳೂ ಉಳಿದಿರುತ್ತವೆ. ಮಂಡಳಿಯು ಇವೆರಡನ್ನೂ ಪರಿಶೀಲಿಸಿ ಸಾಕ್ಷಿಗಳನ್ನು ವಿಚಾರಿಸಿತು.

2022ರ ಜನವರಿ 14ರಂದು ಪ್ರಾಥಮಿಕ ನಿರ್ಣಯವು ಹೊರಬಿದ್ದಿತು. ಸಂಚಿಲ್ಲ, ಯಂತ್ರದ ಕೆಡುಕಿಲ್ಲ, ಅಲಕ್ಷ್ಯವೂ ಇಲ್ಲ. ಕಣಿವೆಯಲ್ಲಿ ಹವೆಯು ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರು ಮೋಡವನ್ನು ಹೊಕ್ಕಿತು, ಚಾಲಕರಿಗೆ ದಿಗ್ಭ್ರಮೆಯಾಯಿತು, ಹತೋಟಿಯಲ್ಲಿದ್ದ ಯಂತ್ರವೇ ನೆಲಕ್ಕೆ ತಾಗಿತು.

ಈ ದಿಗ್ಭ್ರಮೆಯೆಂಬುದು ಅಂಜಿಕೆಯಲ್ಲ, ಅಜ್ಞಾನವೂ ಅಲ್ಲ. ಒಂದು ತಂಬಿಗೆಯಲ್ಲಿ ನೀರು ತುಂಬಿ, ಮೇಲೊಂದು ತುಳಸೀದಳವನ್ನು ತೇಲಿಬಿಟ್ಟು, ತಂಬಿಗೆಯನ್ನು ಮೆಲ್ಲಗೆ ತಿರುಗಿಸಿರಿ. ಮೊದಲು ದಳವು ಇದ್ದಲ್ಲಿಯೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಅದೂ ಜೊತೆಗೆ ತಿರುಗತೊಡಗುತ್ತದೆ. ತಂಬಿಗೆಯನ್ನು ನಿಲ್ಲಿಸಿದರೂ ದಳವು ತಿರುಗುತ್ತಲೇ ಇರುತ್ತದೆ. ನಮ್ಮ ಒಳಗಿವಿಯಲ್ಲಿಯೂ ದ್ರವವಿರುವ ಮೂರು ಬಾಗುನಾಳಗಳಿವೆ. ತಲೆ ತಿರುಗಿದಾಗ ದ್ರವವು ಹಿಂದುಳಿಯುವುದರಿಂದಲೇ ನಾವು ತಿರುಗುತ್ತಿದ್ದೇವೆಂಬ ಸುದ್ದಿಯು ಮಿದುಳಿಗೆ ಮುಟ್ಟುತ್ತದೆ. ತಿರುವು ಒಂದೇ ಸಮನಾಗಿ ಮುಂದುವರಿದರೆ ದ್ರವವೂ ಜೊತೆಗೂಡಿ, ನೆಟ್ಟಗೆ ಹೋಗುತ್ತಿದ್ದೇವೆಂಬ ಸುಳ್ಳು ಸುದ್ದಿ ಬರುತ್ತದೆ. ಬೆಳಕಿನಲ್ಲಿ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಮೋಡದೊಳಗೆ ಕಣ್ಣಿಗೆ ನೆಲವೂ ಇಲ್ಲ, ದಿಗಂತವೂ ಇಲ್ಲ. ಆಗ ಚಾಲಕನು ತನ್ನ ದೇಹದ ಮಾತನ್ನು ಬಿಟ್ಟು ಎದುರಿನ ಮಾಪಕಗಳನ್ನೇ ನಂಬಬೇಕು. ಎಂತಹ ನುರಿತವನಿಗೂ ಅದಕ್ಕೆ ಕೆಲವು ಕ್ಷಣಗಳು ಬೇಕು. ಗಂಟೆಗೆ 200 ಕಿಲೋಮೀಟರ್ ವೇಗದ ಯಂತ್ರವು ಒಂದೊಂದು ಸೆಕೆಂಡಿಗೆ 55 ಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸುತ್ತದೆಂದು ಲೆಕ್ಕ ಹಾಕಿದರೆ, ಬೆಟ್ಟದ ಕಣಿವೆಯಲ್ಲಿ ಆ ಕೆಲವು ಕ್ಷಣಗಳು ಏನೆಂಬುದು ತಿಳಿದೀತು.

ನೀಲಗಿರಿಯ ಕನ್ನಡಿಗರಿಗೆ ಅಲ್ಲಿಯ ಮಂಜನ್ನು ನಾವು ವರ್ಣಿಸಿ ಹೇಳಬೇಕಾಗಿಲ್ಲ. ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಬಯಲಿನ ತೇವದ ಗಾಳಿಯು ಇಳಿಜಾರನ್ನೇರುತ್ತ ತಣಿದು ಮೋಡವಾಗುತ್ತದೆ. ಬಯಲಿನವರಿಗೆ ತಲೆಯ ಮೇಲಿನ ಮೋಡವು ಅಲ್ಲಿ ಅಂಗಳಕ್ಕೇ ಇಳಿದು ಬರುತ್ತದೆ. ಅಂದು ಹೆಲಿಕಾಪ್ಟರು ಮಂಜಿನಲ್ಲಿ ಕಣ್ಮರೆಯಾದುದನ್ನು ದಾರಿಹೋಕರೊಬ್ಬರು ಚಿತ್ರೀಕರಿಸಿದ್ದರು. ದೇಶವೆಲ್ಲ ಅದನ್ನು ನೋಡಿತು.

2024ರ ಡಿಸೆಂಬರಿನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯೀ ಸಮಿತಿಯ ವರದಿಯೊಂದು ಮಂಡಿತವಾಯಿತು. 2017ರಿಂದ 2022ರ ವರೆಗಿನ ವಾಯುಪಡೆಯ 34 ಅಪಘಾತಗಳ ಪಟ್ಟಿಯು ಅದರಲ್ಲಿದೆ. ಈ ಅಪಘಾತದ ಎದುರಿಗೆ ಕಾರಣವೆಂದು ಬರೆದಿರುವುದು ಚಾಲಕವರ್ಗದ ಮಾನವದೋಷವೆಂದು ಮಾತ್ರ. ಮೊದಲ ನಿರ್ಣಯಕ್ಕೆ ಇದು ವಿರುದ್ಧವೆಂದು ಕೆಲವರಿಗೆ ತೋರಿತು. ನಮಗೆ ಹಾಗೆ ತೋರುವುದಿಲ್ಲ. ಪಟ್ಟಿಯ ಒಂದು ಅಂಕಣದಲ್ಲಿ ಮೋಡಕ್ಕೂ ಕಣಿವೆಗೂ ಒಳಗಿವಿಗೂ ಸ್ಥಳವಿರುವುದಿಲ್ಲ. ಯಂತ್ರವೂ ಸಂಚೂ ಕಾರಣವಲ್ಲವೆಂದಾದ ಮೇಲೆ ಉಳಿಯುವ ಹೆಸರು ಅದೊಂದೇ. ದೋಷವೆಂಬ ಮಾತನ್ನು ಓದಿ ತೀರಿಕೊಂಡ ಚಾಲಕರನ್ನು ಅಪರಾಧಿಗಳೆಂದು ಎಣಿಸುವವರು 2022ರ ನಿರ್ಣಯವನ್ನೂ ಓದಬೇಕು: ಅಲಕ್ಷ್ಯವಿರಲಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ.