ಪರಿಚಯದವರ ಹೆಸರಲ್ಲಿ ಬರುವ ವರ್ಮ್

2017ರ ಜೂನ್ ಕೊನೆಯ ವಾರ ನ್ಹಾವಾ ಶೇವಾ ಬಂದರಿನ ಗೇಟ್‌ವೇ ಟರ್ಮಿನಲ್ಸ್ ಇಂಡಿಯಾದಲ್ಲಿ ಕಂಪ್ಯೂಟರ್‌ಗಳು ಕೈಕೊಟ್ಟವು. ಡೆನ್ಮಾರ್ಕಿನ ಮರ್ಸ್ಕ್ ಸಮೂಹದ ಟರ್ಮಿನಲ್ ಅದು. ಯಾವ ಕಂಟೇನರ್ ಎಲ್ಲಿದೆ, ಯಾವ ಹಡಗು ಹತ್ತಬೇಕು ಎಂದು ಹೇಳುವ ವ್ಯವಸ್ಥೆಯೇ ಮಲಗಿಬಿಟ್ಟಿತು. ಕಾರಣ, ನಾಟ್‌ಪೆಟ್ಯಾ ಎಂಬ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಂ. ಯಾರೋ ಒಬ್ಬರು ಈಮೇಲ್‌ನ ಅಟ್ಯಾಚ್‌ಮೆಂಟ್ ಒತ್ತಿದ್ದಕ್ಕೆ ಇಷ್ಟೆಲ್ಲ ಆಯಿತು ಎಂಬ ಮಾತು ಆಗಲೇ ಹಬ್ಬಿತು. ಇವತ್ತಿಗೂ ಅದನ್ನೇ ಹೇಳುವವರಿದ್ದಾರೆ.

ಆದದ್ದು ಹಾಗಲ್ಲ. ಉಕ್ರೇನಿನ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರ್‌ನ ಅಪ್‌ಡೇಟ್‌ನೊಳಗೆ ದಾಳಿಕೋರರು ಈ ವರ್ಮನ್ನು ಸೇರಿಸಿಟ್ಟಿದ್ದರು. ಅಲ್ಲಿಂದ ಮರ್ಸ್ಕ್‌ನ ಜಾಲಕ್ಕೆ, ಆ ಜಾಲದ ಮೂಲಕವೇ ನ್ಹಾವಾ ಶೇವಾಕ್ಕೆ. ಈಮೇಲ್ ಬೇಕಾಗಲೇ ಇಲ್ಲ.

ಮಾಡದ ತಪ್ಪಿಗೆ ಈಮೇಲನ್ನು ದೂರುವ ನಾವೇ, ಅದು ನಿಜಕ್ಕೂ ಮೋಸ ಮಾಡುವ ಕಡೆ ಕಣ್ಣುಮುಚ್ಚಿ ನಂಬುತ್ತೇವೆ. ಮುಂಬಯಿಯ ನಮ್ಮವರ ಆಫೀಸು, ಹೋಟೆಲು, ಸಂಘಗಳಲ್ಲಿ ಈಮೇಲ್ ವರ್ಮ್‌ಗಳ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ.

“ಗೊತ್ತಿದ್ದವರ ಮೇಲ್, ತೆರೆದರೇನಂತೆ?”

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಇದು. ಈಮೇಲ್ ವರ್ಮ್ ಬದುಕುವುದೇ ಪರಿಚಯದ ಮೇಲೆ. ಒಂದು ಕಂಪ್ಯೂಟರ್ ಸಿಕ್ಕಿದ ಕೂಡಲೇ ಅದು ಮಾಡುವ ಮೊದಲ ಕೆಲಸ ಅಲ್ಲಿಯ ವಿಳಾಸಪಟ್ಟಿಯನ್ನು ತೆರೆದು, ಅದರಲ್ಲಿರುವವರಿಗೆ ತನ್ನದೇ ಪ್ರತಿ ಕಳಿಸುವುದು. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ ಔಟ್‌ಲುಕ್ ಪಟ್ಟಿಯ ಮೊದಲ 50 ವಿಳಾಸಗಳಿಗೆ ಹೋಗುತ್ತಿತ್ತು. 2000ದ ಮೇ 4ರಂದು ಮನಿಲಾದಿಂದ ಹೊರಟ ‘ಐ ಲವ್ ಯೂ’ ಅಷ್ಟಕ್ಕೆ ನಿಲ್ಲಲಿಲ್ಲ, ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಯಿತು. ಮೇಲಧಿಕಾರಿಯಿಂದ, ಬ್ಯಾಂಕ್ ಮ್ಯಾನೇಜರಿಂದ, ಭಾವನಿಂದ ಪ್ರೇಮಪತ್ರ ಬಂದರೆ ಕುತೂಹಲಕ್ಕಾದರೂ ತೆರೆಯದವರು ಯಾರು? ಅಪರಿಚಿತರ ಮೇಲನ್ನು ನಾವು ಹೇಗೂ ಅನುಮಾನಿಸುತ್ತೇವೆ. ಆದ್ದರಿಂದಲೇ ವರ್ಮ್ ಅಪರಿಚಿತರ ಹೆಸರಲ್ಲಿ ಬರುವುದು ಕಡಿಮೆ.

2014ರಿಂದ ಕಾಟ ಕೊಟ್ಟ ಎಮೊಟೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕದ್ದ ಮೇಲ್‌ಪೆಟ್ಟಿಗೆಯಲ್ಲಿದ್ದ ಹಳೆಯ ಸಂಭಾಷಣೆಗೇ ಉತ್ತರದ ರೂಪದಲ್ಲಿ ಅದು ಬರುತ್ತಿತ್ತು. ಹೋದ ವಾರ ನೀವೇ ಕೇಳಿದ್ದ ಬಿಲ್ಲಿನ ವಿಷಯ, ಕೆಳಗೆ ನಿಮ್ಮದೇ ಮಾತು, ಮೇಲೆ ಒಂದು ಫೈಲ್. ಇಂಥದ್ದನ್ನು ಹೆಸರು ನೋಡಿ ಹಿಡಿಯುವುದು ಆಗದ ಮಾತು. ನೀವು ಎದುರು ನೋಡದ ಫೈಲ್ ಬಂದರೆ, ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಮೇಲ್‌ನಲ್ಲೇ ಕೇಳಬೇಡಿ, ಪೆಟ್ಟಿಗೆಯೇ ಕಳ್ಳರ ಕೈಯಲ್ಲಿದ್ದರೆ “ಹೌದು, ನಾನೇ ಕಳಿಸಿದ್ದು” ಎಂದು ಕಳ್ಳರೇ ಉತ್ತರಿಸುತ್ತಾರೆ.

“ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ಎನೇಬಲ್ ಒತ್ತಿದರೆ ಸರಿಯಾಗುತ್ತೆ”

ಇದರಲ್ಲಿ ಕನ್ನಡಿಗರಿಗೆ ವಿಶೇಷ ಅಭ್ಯಾಸವಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಮೇಲ್‌ನಲ್ಲಿ ನೇರವಾಗಿ ಕನ್ನಡ ಬರೆಯುವಂತಿರಲಿಲ್ಲ. ಮಾಟುಂಗದ ಕಾರ್ಯಕ್ರಮದ ಆಮಂತ್ರಣವಿರಲಿ, ಪತ್ರಿಕೆಗೆ ಕಳಿಸುವ ವರದಿಯಿರಲಿ, ‘ನುಡಿ’, ‘ಬರಹ’ದಂಥ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲನ್ನು ಅಂಟಿಸಬೇಕಿತ್ತು. ಆ ಕಡೆ ಫಾಂಟ್ ಇಲ್ಲದಿದ್ದರೆ ತೆರೆದಾಗ ಕಾಣುವುದು ಬರೀ ಚಿತ್ರವಿಚಿತ್ರ ಚಿಹ್ನೆ. ಅದನ್ನು ಸರಿಪಡಿಸಲು ಸಿಕ್ಕಿದ್ದನ್ನೆಲ್ಲ ಒತ್ತಿ ನೋಡುವುದು ನಮಗೆ ರೂಢಿಯಾಯಿತು. ಅಟ್ಯಾಚ್‌ಮೆಂಟ್ ತೆರೆಯದೆ ಕನ್ನಡವೇ ಇಲ್ಲ ಎಂಬಂಥ ಕಾಲ ಅದು.

2016ರಲ್ಲಿ ಬಂದ ಲಾಕಿ ಇಂಥ ರೂಢಿಯನ್ನೇ ಬಂಡವಾಳ ಮಾಡಿಕೊಂಡಿತು. ‘ಇನ್‌ವಾಯ್ಸ್’ ಎಂಬ ಹೆಸರಿನ ವರ್ಡ್ ಫೈಲ್. ತೆರೆದರೆ ಅರ್ಥವಾಗದ ಅಕ್ಷರಗಳು. ಮೇಲ್ಗಡೆ, ಅಕ್ಷರ ಸರಿಯಾಗಿ ಕಾಣದಿದ್ದರೆ ಮ್ಯಾಕ್ರೋ ಚಾಲೂ ಮಾಡಿ ಎಂಬ ಸೂಚನೆ. ಚಾಲೂ ಮಾಡಿದರೆ ಆ ಮ್ಯಾಕ್ರೋ ಇಂಟರ್‌ನೆಟ್‌ನಿಂದ ಅಸಲಿ ಕೀಟಲೆಯನ್ನು ಇಳಿಸಿಕೊಂಡು, ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳುತ್ತಿತ್ತು. ಆ ವರ್ಷ ಮಂತ್ರಾಲಯದಲ್ಲೇ ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಗಳ ಸುಮಾರು 150 ಕಂಪ್ಯೂಟರ್‌ಗಳು ಇದಕ್ಕೆ ತುತ್ತಾದವು. (ರಾಯರ ಮಂತ್ರಾಲಯವಲ್ಲ, ನಮ್ಮ ನರಿಮನ್ ಪಾಯಿಂಟಿನದು.) ಲಾಕಿ ತಾನಾಗಿ ಹರಡುವ ವರ್ಮ್ ಅಲ್ಲ, ಆದರೆ ಒಳಬರುವ ಬಾಗಿಲು ಅದೇ, ಈಮೇಲ್‌ನ ಅಟ್ಯಾಚ್‌ಮೆಂಟ್.

ಮ್ಯಾಕ್ರೋ ಎಂದರೆ ಫೈಲಿನೊಳಗೆ ಅಡಗಿರುವ ಪ್ರೋಗ್ರಾಂ. ಅದಕ್ಕೂ ಅಕ್ಷರದ ರೂಪಕ್ಕೂ ಯಾವ ಸಂಬಂಧವೂ ಇಲ್ಲ. ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಹಿಡಿಯುತ್ತದೆ. ಹಳೆಯ ಆಫೀಸ್ ಇಟ್ಟುಕೊಂಡವರಿಗೆ ಈ ರಕ್ಷಣೆ ಇಲ್ಲದಿರಬಹುದು. ‘ಎನೇಬಲ್ ಕಂಟೆಂಟ್’ ಎಂಬ ಹಳದಿ ಪಟ್ಟಿ ಕಂಡರೆ ಅದರ ತಂಟೆಗೆ ಹೋಗಬೇಡಿ.

“ಮೇಲ್ ಓದಿದರೇ ಸಾಕು, ಹಿಡಿದುಬಿಡುತ್ತದೆ”

ಒಂದು ಕಾಲಕ್ಕೆ ನಿಜವಾಗಿತ್ತು. 2001ರಲ್ಲಿ ಬಂದ ನಿಮ್ಡಾ, ಕ್ಲೆಜ್‌ಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಒಂದು ದೋಷ ಬಳಸಿ, ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಮೇಲ್ ಇಣುಕಿ ನೋಡಿದರೂ ಚಾಲೂ ಆಗುತ್ತಿದ್ದವು. ಆ ದೋಷಕ್ಕೆ ಅದೇ ವರ್ಷದ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಹಾಕಿಕೊಂಡವರು ಕಡಿಮೆ. ಈಗಿನ ಬ್ರೌಸರಿನಲ್ಲಿ, ಅಪ್‌ಡೇಟ್ ಆದ ಫೋನಿನಲ್ಲಿ ಮೇಲ್ ಓದಿದ ಮಾತ್ರಕ್ಕೆ ಕೇಡಾಗುವುದು ತೀರಾ ಅಪರೂಪ. ಓದಿ, ಚಿಂತೆಯಿಲ್ಲ. ಕೈ ತಡೆಯಬೇಕಾದ್ದು ಫೈಲ್ ಮತ್ತು ಲಿಂಕಿನ ಹತ್ತಿರ.

“ಫೋಟೋ ತಾನೇ, ಅದರಲ್ಲೇನಿದೆ?”

ಅದು ಫೋಟೋ ಹೌದೋ ಎಂಬುದೇ ಪ್ರಶ್ನೆ. 2001ರಲ್ಲಿ ಟೆನಿಸ್ ತಾರೆ ಅನ್ನಾ ಕುರ್ನಿಕೋವಾಳ ಚಿತ್ರವೆಂದು ಬಂದ ಫೈಲಿನ ಹೆಸರು ‘ಜೆಪಿಜಿ’ಗೆ ಮುಗಿದಿರಲಿಲ್ಲ, ಕೊನೆಯಲ್ಲಿ ‘ವಿಬಿಎಸ್’ ಎಂದಿತ್ತು, ಅಂದರೆ ಪ್ರೋಗ್ರಾಂ. ವಿಂಡೋಸ್ ತನಗೆ ಗೊತ್ತಿರುವ ಬಗೆಯ ಫೈಲುಗಳ ಕೊನೆಯ ಭಾಗವನ್ನು ಮುಚ್ಚಿಡುತ್ತದೆ. ನೋಡಿದವರಿಗೆ ಕಂಡದ್ದು ಜೆಪಿಜಿ ಮಾತ್ರ. ಇದು ಇಂದಿಗೂ ಬದಲಾಗಿಲ್ಲ ಎನ್ನುವುದು ನನಗೆ ಅರ್ಥವಾಗದ ಸಂಗತಿ. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಪೂರ್ತಿ ಹೆಸರು ಕಾಣುತ್ತದೆ. ಇದೇ ಆಟ ಈಗ ವಾಟ್ಸಾಪ್‌ನಲ್ಲಿ ಮದುವೆಯ ಕರೆಯೋಲೆ, ಟ್ರಾಫಿಕ್ ಚಲನ್ ಎಂಬ ಹೆಸರಿನ ‘ಎಪಿಕೆ’ ಫೈಲುಗಳಾಗಿ ನಡೆದಿದೆ. ಕರೆಯೋಲೆ ಎಂದೂ ಆ್ಯಪ್ ಆಗಿ ಬರುವುದಿಲ್ಲ.

“ಅವರ ಹೆಸರಿನಿಂದ ಬಂತು, ಅವರ ಕಂಪ್ಯೂಟರಿಗೇ ರೋಗ”

ಸಂಘದ ಕಾರ್ಯದರ್ಶಿಯ ಹೆಸರಲ್ಲಿ ವರ್ಮ್ ಬಂದರೆ ಬೈಗುಳ ತಿನ್ನುವವರು ಕಾರ್ಯದರ್ಶಿ. ಆದರೆ ಕ್ಲೆಜ್ ಮತ್ತು 2004ರ ಮೈಡೂಮ್, ಹಿಡಿದ ಯಂತ್ರದಲ್ಲಿ ಸಿಕ್ಕ ಯಾವುದೋ ವಿಳಾಸವನ್ನು ಕಳಿಸಿದವರ ಜಾಗದಲ್ಲಿ ತುಂಬುತ್ತಿದ್ದವು. ಕಾರ್ಯದರ್ಶಿಯ ಮತ್ತು ನಿಮ್ಮ ವಿಳಾಸ ಎರಡೂ ಇರುವ ಮೂರನೆಯವರ ಕಂಪ್ಯೂಟರಿಗೆ ರೋಗ ಬಂದಿದ್ದರೂ ಸಾಕು. ಜಗಳಕ್ಕೆ ಮುಂಚೆ ವಿಚಾರಿಸಿ.

“ಈ ಎಚ್ಚರಿಕೆಯನ್ನು ಎಲ್ಲರಿಗೂ ಕಳಿಸಿ”

2002ರಲ್ಲಿ ಇಂಥದ್ದೊಂದು ಸಂದೇಶ ಜಗತ್ತನ್ನು ಸುತ್ತಿತು: ನಿಮ್ಮ ಕಂಪ್ಯೂಟರಿನಲ್ಲಿ ಕರಡಿಮರಿಯ ಚಿತ್ರವಿರುವ ಫೈಲ್ ಇದ್ದರೆ ಅದು ವೈರಸ್, ಅಳಿಸಿ, ಎಲ್ಲರಿಗೂ ತಿಳಿಸಿ. ಹುಡುಕಿದವರಿಗೆಲ್ಲ ಸಿಕ್ಕಿತು. ಅಳಿಸಿದರು. ಅದು ವಿಂಡೋಸ್‌ನದೇ ಫೈಲ್. ಇಲ್ಲಿ ಪ್ರೋಗ್ರಾಂ ಬರೆಯುವ ಕಷ್ಟವೇ ಇಲ್ಲ. ಹರಡುವ ಕೆಲಸವನ್ನೂ ಹಾಳುಗೆಡಹುವ ಕೆಲಸವನ್ನೂ ಮನುಷ್ಯರೇ ಪುಕ್ಕಟೆ ಮಾಡಿಕೊಟ್ಟರು. ನಿಜವಾದ ಎಚ್ಚರಿಕೆ ಬೇಕಿದ್ದರೆ, 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರಕಾರದ ಸರ್ಟ್-ಇನ್ ಪ್ರಕಟಣೆಗಳನ್ನು ನೋಡಬಹುದು.

“ಆ್ಯಂಟಿವೈರಸ್ ಇದೆಯಲ್ಲ”

ಇರಲಿ, ಒಳ್ಳೆಯದೇ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಯ ಬಳಕೆಗೆ ಸಾಕು. ಆದರೆ 2006ರ ಆರಂಭದಲ್ಲಿ ಹಬ್ಬಿದ ನಿಕ್ಸೆಮ್ ಮೊದಲು ಮಾಡುತ್ತಿದ್ದದ್ದೇ ಆ್ಯಂಟಿವೈರಸ್‌ನ ಬಾಯಿ ಕಟ್ಟುವುದು. ಅಶ್ಲೀಲ ಚಿತ್ರದ ಆಸೆ ತೋರಿಸಿ ಬರುತ್ತಿದ್ದ ಅದಕ್ಕೆ ಪತ್ರಿಕೆಗಳು ‘ಕಾಮಸೂತ್ರ ವರ್ಮ್’ ಎಂದು ಹೆಸರಿಟ್ಟವು. ಅತಿ ಹೆಚ್ಚು ಬಾಧೆಗೊಳಗಾದ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು. ಪ್ರತಿ ತಿಂಗಳ 3ನೇ ತಾರೀಕು ಅದು ವರ್ಡ್, ಎಕ್ಸೆಲ್, ಪಿಡಿಎಫ್ ಕಡತಗಳ ಒಳಗಿನದನ್ನೆಲ್ಲ ಅಳಿಸಿ ಒಂದು ಸಾಲಿನ ಅಸಂಬದ್ಧ ತುಂಬುತ್ತಿತ್ತು. ಆಗ ಉಳಿದದ್ದು ಬೇರೆ ಕಡೆ ಪ್ರತಿ ಇಟ್ಟವರ ಲೆಕ್ಕಪತ್ರ. ಪ್ರತಿ ಇರುವ ಡಿಸ್ಕ್ ಕಂಪ್ಯೂಟರಿಗೇ ಸದಾ ಅಂಟಿಕೊಂಡಿದ್ದರೆ ಅದೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕಿತ್ತಿಡಬೇಕು.

ಅಪ್‌ಡೇಟ್ ಕಥೆಯೂ ಹೀಗೆಯೇ. ನಾಟ್‌ಪೆಟ್ಯಾ ಬಳಸಿದ ವಿಂಡೋಸ್ ದೋಷಕ್ಕೆ 2017ರ ಮಾರ್ಚ್‌ನಲ್ಲೇ ತೇಪೆ ಸಿದ್ಧವಿತ್ತು. ಆದರೂ ತೇಪೆ ಹಾಕಿದ ಯಂತ್ರಗಳೂ ಉರುಳಿದವು, ಏಕೆಂದರೆ ಅದು ಒಂದು ಯಂತ್ರದ ನೆನಪಿನಲ್ಲಿದ್ದ ಅಡ್ಮಿನ್ ಪಾಸ್‌ವರ್ಡ್ ಕದ್ದು ಪಕ್ಕದ ಯಂತ್ರಕ್ಕೆ ನುಗ್ಗುತ್ತಿತ್ತು. ಅಂಧೇರಿಯ ಸಣ್ಣ ಆಫೀಸಿಗೂ ಇದರಲ್ಲಿ ಪಾಠವಿದೆ: ದಿನದ ಕೆಲಸಕ್ಕೆ ಸಾಮಾನ್ಯ ಲಾಗಿನ್, ಅಡ್ಮಿನ್ ಲಾಗಿನ್ ಬೇಕಾದಾಗ ಮಾತ್ರ, ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಬೇಡ.

“ನನ್ನ ಕಂಪ್ಯೂಟರಿನಿಂದ ಹರಡಿದರೆ ಪೊಲೀಸರು ನನ್ನನ್ನೇ ಹಿಡಿಯುತ್ತಾರೆ”

ಈ ಭಯದಿಂದಲೇ ಹಲವರು ವಿಷಯ ಮುಚ್ಚಿಡುತ್ತಾರೆ, ಆ ಹೊತ್ತಿಗೆ ವರ್ಮ್ ಇನ್ನಷ್ಟು ಮನೆ ಹೊಕ್ಕಿರುತ್ತದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಈಗ ಶಿಕ್ಷೆಯಾಗಬೇಕಾದರೆ ಅಪ್ರಾಮಾಣಿಕ ಇಲ್ಲವೇ ವಂಚನೆಯ ಉದ್ದೇಶ ಇರಬೇಕು. ತಿಳಿಯದೆ ಒತ್ತಿದವರು ಅಪರಾಧಿಗಳಲ್ಲ. (‘ಐ ಲವ್ ಯೂ’ ಬರೆದವನ ಮೇಲಿನ ಮೊಕದ್ದಮೆಯೂ ಬಿದ್ದುಹೋಯಿತು, ಫಿಲಿಪೀನ್ಸ್‌ನಲ್ಲಿ ಆಗ ಅದಕ್ಕೆ ಕಾನೂನೇ ಇರಲಿಲ್ಲ.)

ಅನುಮಾನ ಬಂದ ಕೂಡಲೇ ವೈಫೈ ಆರಿಸಿ, ಕೇಬಲ್ ಕಿತ್ತುಬಿಡಿ. ನಿಮ್ಮ ಹೆಸರಲ್ಲಿ ಬಂದ ಫೈಲ್ ತೆರೆಯಬೇಡಿ ಎಂದು ಪಟ್ಟಿಯಲ್ಲಿದ್ದವರಿಗೆ ಫೋನಿನಲ್ಲಿ ತಿಳಿಸಿ. ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಂತ್ರ ಪೂರ್ತಿ ಸ್ವಚ್ಛವಾಯಿತೆಂದು ತಿಳಿದವರು ಹೇಳುವವರೆಗೆ, ಪ್ರತಿ ಇಟ್ಟ ಆ ಡಿಸ್ಕನ್ನು ಮಾತ್ರ ಅದಕ್ಕೆ ಜೋಡಿಸಬೇಡಿ.