ರೊಟ್ಟಿ, ಖಾರ, ಗೋಮಾಳ: ಹಾವೇರಿ ಸೀಮೆಯ ಅನ್ನದ ಲೆಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ದಿನದ ಊಟ ಎಂದರೆ ಜೋಳದ ರೊಟ್ಟಿ. ಅದರ ಜೊತೆ ಹೆಸರು ಅಥವಾ ಮಡಕಿ ಕಾಳಿನ ಪಲ್ಯ, ಮೆಂತ್ಯವೋ ಹಕ್ಕರಕಿಯೋ ಒಂದು ಹಸಿ ತಪ್ಪಲು, ಶೇಂಗಾ, ಗುರೆಳ್ಳು ಇಲ್ಲವೇ ಅಗಸಿಯ ಹಿಂಡಿ, ಕೊನೆಗೆ ಮಜ್ಜಿಗೆ. ಪೋಷಕಾಂಶದ ಪಟ್ಟಿ ಹಿಡಿದು ಯಾರೂ ಈ ಊಟ ಕಟ್ಟಲಿಲ್ಲ; ಆದರೆ ಪಟ್ಟಿಯ ಮುಂದಿಟ್ಟರೆ ಅದು ಸೋಲುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಸುಮಾರು 10 ಗ್ರಾಂ ನಾರು ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಂ, ನಾರು 3 ಗ್ರಾಂ ಕೂಡ ಪೂರ್ತಿ ಇಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಪಕ್ಕದಲ್ಲಿರುವ ಕಾಳಿನ ಪಲ್ಯ ಆ ಕೊರತೆ ತುಂಬುತ್ತದೆ. ಮೀನು ತಿನ್ನದ ಮನೆಗಳಿಗೆ ಸುಲಭವಾಗಿ ಸಿಗದ ಒಮೇಗಾ-3 ಕೊಬ್ಬು ಅಗಸಿಯಲ್ಲಿ ಧಾರಾಳವಾಗಿದೆ. ತಟ್ಟೆಯಲ್ಲಿ ಒಂದನ್ನು ತೆಗೆದರೆ ಇನ್ನೊಂದು ಅರ್ಧವಾಗುತ್ತದೆ.

ಊಟ ಹೀಗೆ ಕೂಡಿಕೊಂಡಿರುವುದಕ್ಕೆ ಕಾರಣ ಹೊಲ. ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಸಾಲಿನ ನಡುವೆ ಕುಸುಬೆ ಅಥವಾ ಅಗಸಿ. ಮುಂಗಾರಿಯಲ್ಲಿ ಹೆಸರು, ತೊಗರಿ, ಶೇಂಗಾ. ಮಸಾರಿ ಹೊಲದಲ್ಲಿ ನವಣಿ, ಸಾವಿ. ಈ ಅಕ್ಕಡಿ ಬೇಸಾಯದಲ್ಲಿ ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಮನೆ ತಲುಪುತ್ತಿತ್ತು. ಕಾಳಿನ ಬೆಳೆಗಳ ಬೇರಿನ ಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತಿದ್ದವು. ಜೋಳದ ತೆನೆ ಮನುಷ್ಯರಿಗೆ, ಸೊಪ್ಪೆ ದನಗಳಿಗೆ, ದನಗಳ ಗೊಬ್ಬರ ಮತ್ತೆ ಹೊಲಕ್ಕೆ. ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಭೂಮಿತಾಯಿಗೆ ಉಣಿಸುವುದೂ ಅದೇ ಹೊಲ ಕೊಟ್ಟ ಅಡುಗೆಯನ್ನೇ.

ಈಗ ಮುಂಗಾರಿಯಲ್ಲಿ ಜಿಲ್ಲೆಯ ರಸ್ತೆಗುಂಟ ಹೋದರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮೆಕ್ಕೆಜೋಳ, ಹತ್ತಿ. ಹಾವೇರಿ, ಪಕ್ಕದ ದಾವಣಗೆರೆ ಎರಡೂ ರಾಜ್ಯದ ದೊಡ್ಡ ಮೆಕ್ಕೆಜೋಳದ ಜಿಲ್ಲೆಗಳು. ಈ ಕಾಳಿನ ಬಹುಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಬೆಳೆದವರ ಮನೆಯ ರೊಟ್ಟಿ ಕಲ್ಲಿಗೆ ಬರುವುದಿಲ್ಲ. ಇದಕ್ಕೆ ರೈತರನ್ನು ದೂರುವುದು ಅನ್ಯಾಯ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ ಹೈಬ್ರಿಡ್ ಜೋಳಕ್ಕೆ 3,371 ರೂಪಾಯಿ, ಮೆಕ್ಕೆಜೋಳಕ್ಕೆ 2,225 ರೂಪಾಯಿ. ಕಾಗದದಲ್ಲಿ ಜೋಳವೇ ಮುಂದಿದೆ. ಆದರೆ ಎಕರೆಗೆ ಮೆಕ್ಕೆಜೋಳ ಕೊಡುವ ಇಳುವರಿ ಎಷ್ಟೋ ಹೆಚ್ಚು. ಜೋಳವಾದರೆ ತೆನೆಗೆ ಹಕ್ಕಿ ಕಾಯಬೇಕು, ಕಿತ್ತು ಸಿವುಡು ಕಟ್ಟಿ ಗೂಡು ಹಾಕಬೇಕು, ಅದಕ್ಕೆ ಆಳು ಬೇಕು. ದನ ಸಾಕದ ಮನೆಗೆ ಸೊಪ್ಪೆಯ ಬೆಲೆಯೂ ಅಷ್ಟಕ್ಕಷ್ಟೆ. ದನ ಹೋದ ಮೇಲೆ ಗೊಬ್ಬರ ಚೀಲದಲ್ಲಿಯೇ ಬರಬೇಕು.

ಆ ಚೀಲಕ್ಕಾಗಿ ಹಾವೇರಿ ಕೊಟ್ಟ ಬೆಲೆಯನ್ನು ಕರ್ನಾಟಕ ಮರೆತಿಲ್ಲ. 2008ರ ಜೂನ್ 10ರಂದು, ಮುಂಗಾರು ಬಿತ್ತನೆಯ ಹೊತ್ತಿನಲ್ಲಿ, ರಸಗೊಬ್ಬರ ಸಿಗದೆ ಹಾವೇರಿಯಲ್ಲಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈ ಗೋಲಿಬಾರಿಗೆ ಇಬ್ಬರು ರೈತರು ಬಲಿಯಾದರು. ಹೊರಗಿನಿಂದ ಬರುವ ಒಂದು ಚೀಲದ ಮೇಲೆ ಇಡೀ ವರ್ಷದ ಬೆಳೆ ನಿಂತಾಗ ಅದು ಒಂದು ವಾರ ತಡವಾದರೂ ಸಾಕು, ಹಳ್ಳಿ ಉರಿಯುತ್ತದೆ. ಸುಸ್ಥಿರ ಕೃಷಿಯ ಮಾತು ಪಟ್ಟಣದವರ ಹವ್ಯಾಸ ಎಂದುಕೊಂಡವರು ಆ ಜೂನ್ ತಿಂಗಳನ್ನು ನೆನಪಿಸಿಕೊಳ್ಳಬೇಕು.

ಗೊಬ್ಬರದ ಪ್ರಶ್ನೆಯ ಬೇರು ಇನ್ನೂ ಹಿಂದಿದೆ, ಗೋಮಾಳದಲ್ಲಿ. ಊರ ದನಕರು ಮೇಯುವ, ಬಡವರು ಉರುವಲು ಆಯ್ದು ತರುವ ಸಾಮೂಹಿಕ ಭೂಮಿ ಅದು. ಅಲ್ಲಿ ಮೇವಿದ್ದರೆ ಮಾತ್ರ ಸಣ್ಣ ಹಿಡುವಳಿಯವರು ಎರಡು ಎತ್ತು, ಒಂದು ಎಮ್ಮೆ ಕಟ್ಟಬಲ್ಲರು. ಮಜ್ಜಿಗೆಯೂ ತಿಪ್ಪೆಯೂ ಹುಟ್ಟುವುದು ಆಮೇಲೆ. 1984ರಲ್ಲಿ ರಾಜ್ಯ ಸರ್ಕಾರ ಕುಮಾರಪಟ್ಟಣಂನ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿತು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 75,000 ಎಕರೆ ಸಾರ್ವಜನಿಕ ಭೂಮಿ ಕೊಡುವ ಯೋಜನೆ ಅದು. ಕುಮಾರಪಟ್ಟಣಂ ಇರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಕಾರ್ಖಾನೆಯ ಕೊಳೆನೀರಿನಿಂದ ನದಿ ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ಕೆಳಹರಿವಿನ ಹಳ್ಳಿಗಳ ಜನ ಅದೇ ಹೊತ್ತಿಗೆ ದನಿ ಎತ್ತಿದ್ದರು.

ಹೋರಾಟಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯರು ಎಸ್.ಆರ್. ಹಿರೇಮಠ. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಅವರು 1979ರಲ್ಲಿ ಪತ್ನಿ ಮೇವಿಸ್ ಅವರೊಂದಿಗೆ ಮರಳಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸಕ್ಕೆ ನಿಂತಿದ್ದರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಜನರನ್ನು ಸಂಘಟಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ಸತ್ಯಾಗ್ರಹಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಎಂಬ ಹೆಸರಿತ್ತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಉಪಯೋಗಕ್ಕೆ ಬರುವ ಗಿಡ ನೆಟ್ಟರು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚುವ ನಿರ್ಧಾರಕ್ಕೆ ಬಂತು. ಕಿತ್ತ ಕೈಯೇ ನೆಟ್ಟಿತು ಎಂಬುದು ಈ ಹೋರಾಟದ ದೊಡ್ಡತನ. ಬೇಡ ಎಂದವರು ಏನು ಬೇಕು ಎಂಬುದನ್ನೂ ನೆಲದ ಮೇಲೆ ಮಾಡಿ ತೋರಿಸಿದರು.

ಇನ್ನೊಂದು ಪ್ರಶ್ನೆ ಬೀಜದ್ದು. ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾಗಿವೆ. ಟೊಮೆಟೊ, ಮೆಣಸಿನಕಾಯಿ, ಬದನೆಯ ಒಂದೊಂದೇ ಮೊಗ್ಗು ಬಿಡಿಸಿ, ಗಂಡು ಕೇಸರ ತೆಗೆದು, ಬೇರೆ ಗಿಡದ ಪರಾಗ ಮುಟ್ಟಿಸುವ ಸೂಕ್ಷ್ಮ ಕೆಲಸ ಇಲ್ಲಿ ನಡೆಯುವುದು ಹೆಚ್ಚಾಗಿ ಹೆಣ್ಣುಮಕ್ಕಳ ಬೆರಳುಗಳಲ್ಲಿ. ಕಂಪನಿಗಳೊಂದಿಗಿನ ಒಪ್ಪಂದದಲ್ಲಿ ನಡೆಯುವ ಈ ಕೆಲಸ ಅನೇಕ ಕುಟುಂಬಗಳಿಗೆ ಕಾಸು ತಂದಿದೆ. ಆದರೆ ಹೈಬ್ರಿಡ್ ಬೆಳೆಯಿಂದ ತೆಗೆದ ಬೀಜವನ್ನು ಮರುವರ್ಷ ಬಿತ್ತಿದರೆ ತಾಯಿ ಗಿಡದ ಗುಣ ಒಂದೇ ಸಮ ಬರುವುದಿಲ್ಲ. ಪ್ರತಿ ಹಂಗಾಮಿಗೂ ಪೊಟ್ಟಣ ಕೊಳ್ಳಲೇಬೇಕು. ಬೂದಿ ಸವರಿ ಮಡಿಕೆಯಲ್ಲಿ ಬೀಜ ಕಾಯ್ದಿಡುತ್ತಿದ್ದ ಅಜ್ಜಿಯರ ವಿದ್ಯೆ ಈ ವ್ಯವಸ್ಥೆಯಲ್ಲಿ ಕೆಲಸಕ್ಕೆ ಬಾರದು.

ಕಾನೂನು ಮಾತ್ರ ರೈತರ ಪರ ಇದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಬ್ರ್ಯಾಂಡ್ ಇಲ್ಲದೆ ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಆ ಹಕ್ಕು ಬಳಕೆಯಲ್ಲಿ ಹೇಗಿರುತ್ತದೆಂದು ನೋಡಲು ಜಿಲ್ಲೆಯ ಗಡಿಯಾಚೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ 2018ರಲ್ಲಿ 15 ಮಹಿಳೆಯರಿಂದ ಶುರುವಾಯಿತು. ಸಿರಿಧಾನ್ಯದ ಮಿಶ್ರ ಬೆಳೆ, ಸಮುದಾಯ ಬೀಜ ಬ್ಯಾಂಕು, ಸಂಸ್ಕರಣಾ ಘಟಕ ಎಂದು ಕೆಲಸ ಸುತ್ತಲಿನ 30 ಹಳ್ಳಿಗಳಿಗೆ ಹಬ್ಬಿತು. ದೇಸಿ ಬೀಜಗಳ ಉಳಿವಿಗೆ ದುಡಿಯುತ್ತಿರುವ ಸಹಜ ಸಮೃದ್ಧ ಸಂಸ್ಥೆ ಬೆನ್ನಿಗೆ ನಿಂತಿತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ಸರ್ಕಾರವೂ 2019-20ರಲ್ಲಿ ‘ರೈತ ಸಿರಿ’ ಯೋಜನೆಯಡಿ ಕಿರು ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ಆದರೆ ಸಾವಿ, ನವಣಿಯ ಸಿಪ್ಪೆ ಬಿಡಿಸುವ ಯಂತ್ರ ಊರ ಹತ್ತಿರ ಇಲ್ಲದಿದ್ದರೆ ಪ್ರೋತ್ಸಾಹಧನ ಅಷ್ಟೇನೂ ದೂರ ಒಯ್ಯದು. ತೀರ್ಥದ ಹೆಂಗಸರು ಗಿರಣಿಯನ್ನೂ ಬೀಜವನ್ನೂ ಒಟ್ಟಿಗೆ ಹಿಡಿದರು. ಗೆಲುವಿನ ಗುಟ್ಟು ಅಲ್ಲಿದೆ.

ಈ ಎಲ್ಲ ಪ್ರಶ್ನೆಗಳೂ ಒಂದೇ ಬೆಳೆಯಲ್ಲಿ ಕೂಡಿರುವುದನ್ನು ನೋಡಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ನೋಡಬೇಕು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ತಳಿಯ ಹೆಚ್ಚುಗಾರಿಕೆ ಖಾರವಲ್ಲ, ಬಣ್ಣ. ಇದರಲ್ಲಿ ಎರಡು ಬಗೆ. ದಬ್ಬಿ ಗಿಡ್ಡ, ದುಂಡು, ಮೈತುಂಬ ಸುಕ್ಕು, ಒಳಗೆ ಬೀಜ ಜಾಸ್ತಿ, ಮಸಾಲೆಗೆ ಮೆಚ್ಚಿನದು. ಕಡ್ಡಿ ಉದ್ದ, ತೆಳು, ಬೀಜ ಕಡಿಮೆ. ಬಣ್ಣ ತೆಗೆಯುವ ಕಾರ್ಖಾನೆಗಳ ಆಯ್ಕೆ. ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಗಾಢ ಕೆಂಪು ಎಣ್ಣೆ ಆಹಾರಕ್ಕೂ ತುಟಿಬಣ್ಣಕ್ಕೂ ಹೋಗುತ್ತದೆ. ಒಂದು ಟನ್ ಕಾಯಿಗೆ ಸುಮಾರು 50 ಲೀಟರ್ ಸಿಗುತ್ತದೆ. ಹಿಂದೆ ಈ ಕಾಯಿ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ. ಮೊದಲು ಉಳ್ಳಾಗಡ್ಡಿ ಕೀಳುವುದು, ಆಮೇಲೆ ಕಾಯಿ ಬಿಡಿಸುವುದು, ಕಡೆಗೆ ಹತ್ತಿ.

ಥ್ರಿಪ್ಸ್ ಮತ್ತು ಮೈಟ್ ನುಸಿಗಳಿಂದ ಎಲೆ ಮುದುಡುವ ಮುಟುರು ರೋಗ, ಅದಕ್ಕೆ ಮತ್ತೆ ಮತ್ತೆ ಹೊಡೆಯುವ ಔಷಧ, ಹೆಚ್ಚು ಇಳುವರಿಯ ಹೈಬ್ರಿಡ್‌ಗಳ ಪೈಪೋಟಿ ಇವುಗಳಿಂದ ಮೂಲ ತಳಿ ಅದರ ಊರಲ್ಲೇ ಹಿಂದೆ ಸರಿದಿದೆ. ಬ್ಯಾಡಗಿ ಮಾರುಕಟ್ಟೆಗೆ ಇಂದು ಬಳ್ಳಾರಿ, ರಾಯಚೂರು, ಕೊಪ್ಪಳ, ಆಂಧ್ರದ ಕಡೆಯಿಂದಲೂ ಕಾಯಿ ಬರುತ್ತದೆ. ಊರಿನ ಹೆಸರು ಹೊತ್ತ ಚೀಲದಲ್ಲೆಲ್ಲ ಊರಿನ ತಳಿಯೇ ಇರಬೇಕೆಂದಿಲ್ಲ. ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. 2024ರ ಮಾರ್ಚ್ 11ರಂದು ಬೆಲೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು.

ಕೊಳ್ಳುವವರ ಆರೋಗ್ಯಕ್ಕೆ ಬರುವ ಅಪಾಯ ಎರಡು. ಒಂದು ಬೂಷ್ಟು. ಕಾಯಿ ಸರಿಯಾಗಿ ಒಣಗದಿದ್ದರೆ, ಒಣಗಿದ್ದಕ್ಕೆ ತೂಕಕ್ಕೆಂದು ನೀರು ಚಿಮುಕಿಸಿದರೆ, ಒಳಗೆ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬಹುಕಾಲ ದೇಹಕ್ಕೆ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುವ ವಿಷ ಇದು; ಹುರಿದರೂ ಕುದಿಸಿದರೂ ಪೂರ್ತಿ ಹೋಗದು. ಮಸಾಲೆ ಪದಾರ್ಥಗಳಲ್ಲಿ ಕಿಲೋಗೆ 30 ಮೈಕ್ರೋಗ್ರಾಂ ಮೀರಬಾರದೆಂದು ಭಾರತದ ನಿಯಮ. ಐರೋಪ್ಯ ಒಕ್ಕೂಟದಲ್ಲಿ ಮಿತಿ 10. ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ, ರಾತ್ರಿ ಮುಚ್ಚಿ, ನೆಲದ ತೇವ ತಾಗದಂತೆ ಒಣಗಿಸಿದರೆ ಅರ್ಧ ಕೆಲಸ ಮುಗಿದಂತೆ. ಎರಡನೆಯದು ಕೃತಕ ಬಣ್ಣ. ಸುಡಾನ್ ಎಂಬ ಕೈಗಾರಿಕಾ ಬಣ್ಣ ಬೆರೆತ ಖಾರದ ಪುಡಿಯಿಂದಾಗಿ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ತಿನಿಸುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಸ್ವಭಾವದಿಂದಲೇ ಕೆಂಪಾದ ಬ್ಯಾಡಗಿ ಕಾಯಿ ಸಿಗುವ ನಾಡಿನಲ್ಲಿ ಬಣ್ಣ ಬೆರೆಸುವುದಕ್ಕೆ ಯಾವ ನೆಪವೂ ಇಲ್ಲ.

ಹಾವೇರಿ ಕಡೆಯ ಮನೆಗಳು ಇದಕ್ಕೆ ಮೊದಲಿನಿಂದ ಹಿಡಿದ ದಾರಿ, ಪುಡಿಯ ಬದಲು ಇಡೀ ಕಾಯಿ ಕೊಳ್ಳುವುದು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕಾಯಿ ತಂದು, ಬಿಳಿ ಬೂಷ್ಟು ಹಿಡಿದದ್ದನ್ನು ಆರಿಸಿ ತೆಗೆದು, ತೊಟ್ಟು ಬಿಡಿಸಿ, ಮತ್ತೊಮ್ಮೆ ಬಿಸಿಲಿಗೆ ಹಾಕುತ್ತಾರೆ. ಚೆನ್ನಾಗಿ ಒಣಗಿದ ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತವೆ. ಕೊತ್ತಂಬರಿ ಬೀಜ, ಒಣಕೊಬ್ಬರಿ, ಬಳ್ಳೊಳ್ಳಿ ಕೂಡಿಸಿ ಗಿರಣಿಯಲ್ಲಿ ಕುಟ್ಟಿಸಿದ ಮಸಾಲಿ ಖಾರ ಮುಂದಿನ ಬೇಸಿಗೆವರೆಗೆ ಬರುತ್ತದೆ. ನಾಲ್ಕಾರು ಮನೆಯವರು ಸೇರಿ ಬೆಳೆದವರಿಂದಲೇ ನೇರ ದಬ್ಬಿ ಕೊಂಡರೆ ಮೂಲ ತಳಿ ಬಿತ್ತುವವರಿಗೆ ಒಂದು ಖಾತ್ರಿ ಗಿರಾಕಿ ಸಿಕ್ಕಂತಾಗುತ್ತದೆ. ಕೂಗಾಟವಿಲ್ಲದ ಇಂಥ ಚಳವಳಿ ಇನ್ನಷ್ಟು ಬೇಕು. ಪುಡಿಯನ್ನೇ ಕೊಳ್ಳುವವರು ಒಂದು ಲೋಟ ನೀರಿನ ಮೇಲೆ ಚಿಟಿಕೆ ಉದುರಿಸಿ ನೋಡಬಹುದು. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣವಿದೆ ಎಂದರ್ಥ. ಸುಡಾನ್ ಎಣ್ಣೆಯಲ್ಲಿ ಕರಗುವಂಥದು, ಅದು ಈ ಪರೀಕ್ಷೆಗೆ ಸಿಗದು, ಪ್ರಯೋಗಾಲಯವೇ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಂತೆ ಯಾವ ಗ್ರಾಹಕರಾದರೂ ತಾವು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಆ ಉದ್ದೇಶ ತಿಳಿಸಿರಬೇಕು. ಪದಾರ್ಥ ನಿಯಮಕ್ಕೆ ವಿರುದ್ಧವಾಗಿದೆಯೆಂದು ವರದಿ ಬಂದರೆ ಕಟ್ಟಿದ ಶುಲ್ಕ ಮರಳಿ ಸಿಗುತ್ತದೆ.