ಸಂಘದ ಜಾಲತಾಣಕ್ಕೆ ಉಚಿತ ಪ್ಲಗಿನ್‌ಗಳ ಆಯ್ಕೆ: ಕನ್ನಡದ ದೃಷ್ಟಿಯಿಂದ ಒಂದು ವಿವೇಚನೆ

ಮದರಾಸು ನಗರದಲ್ಲಿ ಕನ್ನಡ ವಿದ್ವತ್ತಿಗೆ ದೀರ್ಘವಾದ ಇತಿಹಾಸವುಂಟು. ಬಳ್ಳಾರಿ ಜಿಲ್ಲೆಯ ಬಹುಭಾಗವು 1953ರಲ್ಲಿಯೂ ದಕ್ಷಿಣ ಕನ್ನಡವು 1956ರಲ್ಲಿಯೂ ಮೈಸೂರು ರಾಜ್ಯವನ್ನು ಸೇರುವವರೆಗೆ ಆ ಪ್ರದೇಶಗಳಿಗೆ ಈ ನಗರವೇ ರಾಜಧಾನಿಯಾಗಿದ್ದಿತು. ಮೆಕೆಂಜಿಯ ಸಂಗ್ರಹದಿಂದ ಬಂದ ಕನ್ನಡ ಹಸ್ತಪ್ರತಿಗಳು ಇಲ್ಲಿಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ಕೋಶವನ್ನು 1968ರಿಂದ ಸಂಪುಟಗಳಾಗಿ ಹೊರತಂದುದು ಮದರಾಸು ವಿಶ್ವವಿದ್ಯಾನಿಲಯ. ಇವುಗಳಿಗೆಲ್ಲ ಸಂಸ್ಥೆಗಳ ಆಸರೆಯಿತ್ತು, ಉಳಿದುಬಂದುವು. ಹೊರನಾಡಿನ ಸಂಘಗಳು ಹೊರಡಿಸುವ ಪತ್ರಿಕೆಗಳಿಗೆ ಅಂತಹ ಆಸರೆ ವಿರಳ. ಅಚ್ಚಾಗುವ ಪ್ರತಿಗಳು ಸ್ವಲ್ಪ. ಅವು ಸೇರುವುದು ಸದಸ್ಯರ ಮನೆಯ ಕಪಾಟನ್ನು. ಮುಂದಿನ ಪೀಳಿಗೆ ಮನೆ ಬದಲಾಯಿಸುವಾಗ ಅವು ಎಲ್ಲಿಗೆ ಹೋಗುತ್ತವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಈಗ ಸಂಘವೊಂದು ತನ್ನ ಲೇಖನಗಳನ್ನು ಜಾಲತಾಣಕ್ಕೆ ಏರಿಸಿದರೆ ಅನೇಕ ವೇಳೆ ಆ ತಾಣವೇ ಅವುಗಳ ಏಕೈಕ ಭಂಡಾರವಾಗಿ ಉಳಿಯುತ್ತದೆ. ಅದಕ್ಕೆ ಏನೇನನ್ನು ಜೋಡಿಸಬೇಕೆಂಬ ಪ್ರಶ್ನೆಯನ್ನು ಅಲಂಕಾರದ ವಿಷಯವೆಂದು ಎಣಿಸುವುದು ಸರಿಯಲ್ಲ.

ಇಂತಹ ತಾಣಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ತಂತ್ರಾಂಶ ವರ್ಡ್‌ಪ್ರೆಸ್. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬವರು ಇದನ್ನು 2003ರ ಮೇ 27ರಂದು ಮೊದಲು ಬಿಡುಗಡೆ ಮಾಡಿದರು. ಮರುವರ್ಷದ 1.2ನೆಯ ಆವೃತ್ತಿಯಲ್ಲಿ ಪ್ಲಗಿನ್ ಸೌಕರ್ಯವು ಬಂದಿತು. ಮೂಲ ತಂತ್ರಾಂಶವನ್ನು ತಿದ್ದದೆಯೇ ಅದಕ್ಕೆ ಹೊಸ ಸಾಮರ್ಥ್ಯವನ್ನು ಕೂಡಿಸುವ ಚಿಕ್ಕ ತಂತ್ರಾಂಶವೇ ಪ್ಲಗಿನ್. ಅಧಿಕೃತ ಭಂಡಾರದಲ್ಲಿ ಇಂದು 50,000ಕ್ಕೂ ಮಿಕ್ಕಿ ಉಚಿತ ಪ್ಲಗಿನ್‌ಗಳಿವೆ. ಯಾರೋ ಪರಿಚಿತರು ಕೊಟ್ಟ ಪಟ್ಟಿಯಂತೆ ಇಪ್ಪತ್ತು ಮೂವತ್ತನ್ನು ಒಮ್ಮೆಲೇ ಸ್ಥಾಪಿಸಿಬಿಡುವುದು ರೂಢಿಯಾಗಿದೆ.

ಈ ರೂಢಿಯ ಅಪಾಯವೇನು? ಒಂದು ಪ್ಲಗಿನ್ ತಾಣದೊಳಗೆ ಓಡುವಾಗ ತಾಣದ ಸಮಸ್ತ ದತ್ತಾಂಶಕ್ಕೂ ಅದಕ್ಕೆ ಪ್ರವೇಶವಿರುತ್ತದೆ. ಚಿತ್ರಗಳನ್ನು ಸಾಲಾಗಿ ಜೋಡಿಸುವುದಷ್ಟೇ ಅದರ ಕೆಲಸವಾದರೂ ಲೇಖನಗಳನ್ನು ಅಳಿಸುವ ಅಧಿಕಾರ ಅದಕ್ಕುಂಟು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಗೋಡೆಗೆ ಸುಣ್ಣ ಬಳಿಯಲು ಬಂದವನಿಗೂ ಭದ್ರಕೋಣೆಯ ಬೀಗದ ಕೈ ಕೊಟ್ಟಂತೆ. ಕೈ ಪಡೆದವನು ಪ್ರಾಮಾಣಿಕನಾಗಿದ್ದರೂ ಅದನ್ನು ಮತ್ತೊಬ್ಬನಿಗೆ ಮಾರಬಹುದು. 2017ರಲ್ಲಿ ಸುಮಾರು 3 ಲಕ್ಷ ತಾಣಗಳಲ್ಲಿದ್ದ ‘ಕ್ಯಾಪ್ಚಾ’ ಎಂಬ ಪ್ಲಗಿನ್ನಿನ ಒಡೆತನ ಬದಲಾಯಿತು; ಹೊಸ ಒಡೆಯರು ಕಳುಹಿಸಿದ ಪರಿಷ್ಕರಣದಲ್ಲಿ ಹಿಂಬಾಗಿಲೊಂದು ಅಡಗಿದ್ದುದು ಆ ವರ್ಷದ ಡಿಸೆಂಬರಿನಲ್ಲಿ ಬಯಲಾಗಿ, ಅದನ್ನು ಭಂಡಾರದಿಂದ ತೆಗೆದುಹಾಕಬೇಕಾಯಿತು. ಒಳ್ಳೆಯ ಹೆಸರಿದ್ದ ಪ್ಲಗಿನ್ನೂ ವ್ಯಾಜ್ಯಕ್ಕೆ ಸಿಕ್ಕಬಹುದು. 2024ರ ಅಕ್ಟೋಬರಿನಲ್ಲಿ ‘ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್’ ಎಂಬುದನ್ನು ಭಂಡಾರದ ನಿರ್ವಾಹಕರು ಹೆಸರು ಬದಲಿಸಿ ತಮ್ಮ ವಶಕ್ಕೆ ತೆಗೆದುಕೊಂಡರು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದ ಆದೇಶದ ಮೇಲೆ ಅದು ಮೊದಲಿನವರಿಗೆ ಮರಳಿತು. ಪ್ರತಿವರ್ಷ ಕಾರ್ಯಕಾರಿ ಸಮಿತಿ ಬದಲಾಗುವ, ಸಂಬಳದ ನೌಕರನಿಲ್ಲದ ಸಂಘವು ಇಂತಹ ಸುದ್ದಿಗಳನ್ನೆಲ್ಲ ಹಿಂಬಾಲಿಸಲಾರದು. ಆದುದರಿಂದ ಆಯ್ಕೆಯ ಮೊದಲ ಹೆಜ್ಜೆ, ಯಾವುದು ಬೇಡವೆಂಬುದನ್ನು ಗೊತ್ತುಮಾಡುವುದು.

ಬೇಡವಾದುವು ಎಣಿಸಿದುದಕ್ಕಿಂತ ಹೆಚ್ಚು. ಸಂಶೋಧನ ಲೇಖನಕ್ಕೆ ಅಡಿಟಿಪ್ಪಣಿ ಅವಶ್ಯ. ಆದರೆ 2023ರ 6.3ನೆಯ ಆವೃತ್ತಿಯಿಂದ ಆ ಸೌಕರ್ಯ ಮೂಲ ತಂತ್ರಾಂಶದಲ್ಲಿಯೇ ಇದೆ. ಶೋಧಯಂತ್ರಗಳಿಗೆ ತಾಣದ ನಕ್ಷೆಯನ್ನು ಒದಗಿಸುವ ಕೆಲಸ 2020ರಿಂದ ಮೂಲದಲ್ಲಿದೆ. ಕನ್ನಡ ಅಕ್ಷರರೂಪವನ್ನು ಅಳವಡಿಸಲು 2024ರ 6.5ನೆಯ ಆವೃತ್ತಿಯಲ್ಲಿ ಪ್ರತ್ಯೇಕ ವ್ಯವಸ್ಥೆ ಬಂದಿದ್ದು, ನೋಟೋ ಸೆರಿಫ್ ಕನ್ನಡದಂತಹ ಉಚಿತ ಫಾಂಟನ್ನು ನೇರವಾಗಿ ಏರಿಸಬಹುದು. ಇವೆಲ್ಲಕ್ಕೆ ಪ್ಲಗಿನ್ ಹಾಕಿಕೊಂಡವರು ಈಗ ಅವುಗಳನ್ನು ಕಳಚಬಹುದು.

ಲೇಖನವು ಶೋಧಯಂತ್ರದಲ್ಲಿ ಮೇಲೆ ಬರಲೆಂದು ಸಲಹೆ ಕೊಡುವ ಪ್ಲಗಿನ್‌ಗಳು ಬಹು ಜನಪ್ರಿಯ. ಅವು ವಾಕ್ಯಗಳ ಉದ್ದವನ್ನೂ ಓದಿನ ಸುಲಭತೆಯನ್ನೂ ಅಳೆದು ಹಸಿರು, ಕೆಂಪು ದೀಪಗಳನ್ನು ತೋರಿಸುತ್ತವೆ. ಈ ಅಳತೆಗೆ ಹಿನ್ನೆಲೆಯಾದ ರುಡಾಲ್ಫ್ ಫ್ಲೆಶ್‌ನ ಸೂತ್ರವು 1948ರದು, ಇಂಗ್ಲಿಷಿನ ಪದಕ್ಕೆ ಎಷ್ಟು ಉಚ್ಚಾರಾಂಶ ಎಂಬ ಲೆಕ್ಕದ ಮೇಲೆ ನಿಂತದ್ದು. ವಿಭಕ್ತಿ, ಆಖ್ಯಾತ, ಅವ್ಯಯಗಳನ್ನು ಪದಕ್ಕೇ ಅಂಟಿಸಿ ನಡೆಯುವ ಕನ್ನಡಕ್ಕೆ ಆ ಅಳತೆಗೋಲು ಹಿಡಿಯುವುದು ಅಸಂಗತ. ಹಸಿರು ದೀಪಕ್ಕಾಗಿ ತಮ್ಮ ವಾಕ್ಯವನ್ನು ಕಡಿದು ಹಾಕುವ ವಿದ್ವಾಂಸರನ್ನು ನೋಡಿದರೆ ಕೇಶಿರಾಜನು ಏನೆನ್ನುತ್ತಿದ್ದನೋ!

ಹುಡುಕಾಟದ ವಿಷಯ ಇನ್ನೂ ಸ್ವಾರಸ್ಯವುಳ್ಳದ್ದು. ವರ್ಡ್‌ಪ್ರೆಸ್ಸಿನ ಸಹಜ ಹುಡುಕಾಟವು ತೀರ ಪ್ರಾಥಮಿಕವೆಂದು ದೂರುವವರಿದ್ದಾರೆ. ಅದು ಕೇಳಿದ ಅಕ್ಷರಮಾಲೆಯು ಪಠ್ಯದಲ್ಲಿ ಎಲ್ಲಿಯಾದರೂ ಇದೆಯೇ ಎಂದು ನೋಡುವುದಷ್ಟೇ. ಕನ್ನಡಕ್ಕೆ ಇದರಿಂದ ಒಂದು ಲಾಭವುಂಟು. ‘ಪಂಪ’ ಎಂದು ಕೇಳಿದರೆ ‘ಪಂಪನ’, ‘ಪಂಪನಿಂದ’, ‘ಪಂಪನಲ್ಲಿ’ ಎಲ್ಲವೂ ದೊರೆಯುತ್ತವೆ. ಪದಗಳನ್ನು ಬಿಡಿಬಿಡಿಯಾಗಿ ಸೂಚಿಗೆ ಸೇರಿಸುವ ‘ಸುಧಾರಿತ’ ಪ್ಲಗಿನ್‌ಗಳು ಪೂರ್ಣಪದಕ್ಕೆ ಪ್ರಾಶಸ್ತ್ಯ ಕೊಡುವುದರಿಂದ, ಅವುಗಳ ವ್ಯವಸ್ಥೆಯನ್ನು ಬದಲಿಸದಿದ್ದರೆ ವಿಭಕ್ತಿರೂಪಗಳು ತಪ್ಪಿಹೋಗುವ ಸಂಭವವಿದೆ. ಸಹಜ ಹುಡುಕಾಟಕ್ಕೂ ದೋಷವಿಲ್ಲದೆ ಇಲ್ಲ: ‘ಮರ’ ಎಂದರೆ ‘ಅಮರ’ವೂ ‘ಮರಣ’ವೂ ಬರುತ್ತವೆ. ಇನ್ನು ಆದೇಶಸಂಧಿಯ ಮುಂದೆ ಎರಡೂ ಬಗೆಯವು ಸೋಲುತ್ತವೆ. ‘ಕನ್ನಡ’ ಎಂದು ಹುಡುಕಿದವನಿಗೆ ‘ಹಳಗನ್ನಡ’, ‘ಹೊಸಗನ್ನಡ’ಗಳು ಸಿಕ್ಕವು, ಕಕಾರವು ಗಕಾರವಾಗಿದೆಯೆಂಬುದು ಯಂತ್ರಕ್ಕೆ ತಿಳಿಯದು. ಇದಕ್ಕೆ ಮದ್ದು ಪ್ಲಗಿನ್ನಿನಲ್ಲಿಲ್ಲ. ಲೇಖನವನ್ನು ಏರಿಸುವಾಗಲೇ ಸಂಪಾದಕರು ವಿಷಯಸೂಚಕ ಪದಗಳನ್ನು ಕೊಟ್ಟು, ಪ್ರತಿಯೊಂದು ಪದದ ಅಡಿಯಲ್ಲಿ ಲೇಖನಗಳು ಒಟ್ಟಿಗೆ ದೊರೆಯುವಂತೆ ಮಾಡುವುದೊಂದೇ ಉಪಾಯ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಬರಹವನ್ನಂತೂ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಇಲ್ಲವಾದರೆ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಅದು ಲ್ಯಾಟಿನ್ ಅಕ್ಷರಗಳ ಗೊಂದಲವಷ್ಟೆ.

ಮತ್ತೊಂದು ತೊಡಕನ್ನು ಹೊರನಾಡಿನ ಸಂಪಾದಕರು ತಿಳಿದಿರುವುದು ಮೇಲು. ಲೇಖನದ ಶೀರ್ಷಿಕೆಯಿಂದ ವರ್ಡ್‌ಪ್ರೆಸ್ ತಾನಾಗಿ ಒಂದು ವಿಳಾಸವನ್ನು ರಚಿಸುತ್ತದೆ. ಅದಕ್ಕೆ 200 ಸಂಜ್ಞೆಗಳ ಮಿತಿಯುಂಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸಂಜ್ಞೆ ಸಾಕು. ಕನ್ನಡದ ಒಂದು ವ್ಯಂಜನಕ್ಕೆ ಅಥವಾ ಸ್ವರಚಿಹ್ನೆಗೆ ಒಂಬತ್ತು ಬೇಕು. ‘ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ಪ್ರಕಟಣೆಗಳು’ ಎಂಬ ಶೀರ್ಷಿಕೆ ಕೊಟ್ಟರೆ ‘ಮದರಾಸು-ವಿಶ್ವವಿದ್ಯಾನಿಲಯದ’ ಎಂಬಲ್ಲಿಗೆ ವಿಳಾಸ ಕಡಿದುಹೋಗುತ್ತದೆ. ಮುಂದೆ ಅದೇ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಕುರಿತ ಲೇಖನವೊಂದು ಬಂದರೆ, ಅದಕ್ಕೂ ಅದೇ ವಿಳಾಸ ದೊರೆತು ಕೊನೆಯಲ್ಲಿ 2 ಎಂಬ ಅಂಕೆ ಸೇರುತ್ತದೆ. ಸಂಪುಟ, ಸಂಚಿಕೆಗಳ ಸಂಖ್ಯೆಯಿಂದ ಚಿಕ್ಕದಾದ ವಿಳಾಸವನ್ನು ಕೈಯಾರೆ ಕೊಡುವುದು ಲೇಸು. ಹಳೆಯ ತಾಣದಿಂದ ಹೊಸದಕ್ಕೆ ಲೇಖನಗಳನ್ನು ಸಾಗಿಸಿದ್ದರೆ ಮಾತ್ರ ‘ರಿಡೈರೆಕ್ಷನ್’ ಎಂಬ ಉಚಿತ ಪ್ಲಗಿನ್ನು ಅವಶ್ಯ. ಪ್ರೌಢಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಅಚ್ಚಾಗಿಹೋದ ಹಳೆಯ ವಿಳಾಸದಿಂದ ಬಂದವನನ್ನು ಅದು ಹೊಸ ಸ್ಥಳಕ್ಕೆ ಕರೆದೊಯ್ಯುತ್ತದೆ.

ನಿಜವಾಗಿ ಬಿಡಲಾಗದ ಪ್ಲಗಿನ್ನೆಂದರೆ ಪ್ರತಿಯನ್ನು ಕಾಪಿಡುವಂಥದು. 2015ರ ಡಿಸೆಂಬರ್ ಮೊದಲ ವಾರದಲ್ಲಿ ಅಡಯಾರು ನದಿ ಉಕ್ಕಿದಾಗಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ಚೆನ್ನೈಯ ಮನೆಗಳ ನೆಲಮಾಳಿಗೆಗೆ, ನೆಲ ಅಂತಸ್ತಿಗೆ ನೀರು ನುಗ್ಗಿದುದನ್ನು ಕಂಡವರಿಗೆ, ಎರಡನೆಯ ಪ್ರತಿಯು ಬೇರೊಂದು ಊರಿನಲ್ಲಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ‘ಅಪ್‌ಡ್ರಾಫ್ಟ್‌ಪ್ಲಸ್’ ಎಂಬುದರ ಉಚಿತ ಆವೃತ್ತಿಯು ಗೊತ್ತಾದ ಅವಧಿಗೊಮ್ಮೆ ದತ್ತಾಂಶವನ್ನೂ ಚಿತ್ರಗಳನ್ನೂ ಗೂಗಲ್ ಡ್ರೈವ್‌ನಂತಹ ದೂರದ ಸ್ಥಳಕ್ಕೆ ಕಳುಹಿಸುತ್ತದೆ. ಇದೂ ನಿರ್ದೋಷಿಯಲ್ಲ: 2022ರ ಫೆಬ್ರವರಿಯಲ್ಲಿ, ತಾಣದ ಸಾಮಾನ್ಯ ಸದಸ್ಯನೂ ಕಾಪಿಟ್ಟ ಪ್ರತಿಯನ್ನು ಇಳಿಸಿಕೊಳ್ಳಬಹುದಾದ ಬಿರುಕು ಇದರಲ್ಲಿ ಕಂಡುಬಂದು, ತುರ್ತಾಗಿ ಪರಿಷ್ಕರಿಸಬೇಕಾಯಿತು. ಆದರೂ ಇದನ್ನು ಬಿಡುವುದಕ್ಕಿಂತ ಇಟ್ಟುಕೊಂಡು ಕಾಲಕಾಲಕ್ಕೆ ಪರಿಷ್ಕರಿಸುವುದೇ ವಿವೇಕ. ಇದರ ಜೊತೆಗೆ, ತಂತ್ರಾಂಶದಲ್ಲಿಯೇ ಇರುವ ‘ರಫ್ತು’ ಸೌಕರ್ಯದಿಂದ ಲೇಖನಗಳ ಪಠ್ಯವನ್ನು ಪ್ರತ್ಯೇಕ ಕಡತವಾಗಿ ಇಳಿಸಿಕೊಳ್ಳಬಹುದು. ಚಿತ್ರಗಳ ಕಡತಗಳು ಮಾತ್ರ ಅದರಲ್ಲಿ ಸೇರುವುದಿಲ್ಲ.

ಎರಡನೆಯದು ಪ್ರವೇಶದ ಕಾವಲು. ‘ಟೂ ಫ್ಯಾಕ್ಟರ್’ ಎಂಬ ಉಚಿತ ಪ್ಲಗಿನ್ನು ಗುಪ್ತಪದದ ಮೇಲೆ ಇನ್ನೊಂದು ಕ್ಷಣಿಕ ಸಂಖ್ಯೆಯನ್ನು ಕೇಳುತ್ತದೆ. ಇದು ಬ್ಯಾಂಕಿನ ವ್ಯವಹಾರದಿಂದ ಎಲ್ಲರಿಗೂ ಪರಿಚಿತ. ಒಬ್ಬನು ಬರೆದ ಚೀಟಿಯನ್ನು ಮತ್ತೊಬ್ಬನು ಪರಿಶೀಲಿಸಿ ಸಹಿ ಹಾಕುವ ಪದ್ಧತಿಗೆ ಮಾತ್ರ ಪ್ಲಗಿನ್ನು ಬೇಡ. ಬರೆಯಬಹುದಾದರೂ ಪ್ರಕಟಿಸಲಾಗದ ‘ಕಾಂಟ್ರಿಬ್ಯೂಟರ್’ ಎಂಬ ಪಾತ್ರವು ಮೂಲದಲ್ಲಿಯೇ ಇದೆ. ಎಲ್ಲರಿಗೂ ಆಡಳಿತಾಧಿಕಾರ ಕೊಡುವ ಔದಾರ್ಯ ಇಲ್ಲಿ ಸಲ್ಲದು.

ವಾಚಕರ ಅಭಿಪ್ರಾಯಗಳಿಗೆ ತಾಣವನ್ನು ತೆರೆದಿಟ್ಟರೆ ಕಸದ ಬರಹವನ್ನು ತಡೆಯುವ ಪ್ಲಗಿನ್ನೂ ಬೇಕಾಗುತ್ತದೆ. 2005ರಿಂದ ಪ್ರಸಿದ್ಧವಾದ ಅಕಿಸ್ಮೆಟ್‌ನ ಉಚಿತ ಬಳಕೆ ವೈಯಕ್ತಿಕ, ವಾಣಿಜ್ಯೇತರ ತಾಣಗಳಿಗೆ ಮೀಸಲು. ಜಾಹೀರಾತು ಪ್ರಕಟಿಸುವ ಸಂಘವು ಆ ನಿಬಂಧನೆಯನ್ನು ಮೊದಲು ಓದತಕ್ಕದ್ದು. ಸಂಶೋಧನ ಪತ್ರಿಕೆಗೆ ಪತ್ರಮುಖೇನ ಬಂದ ಅಭಿಪ್ರಾಯಗಳೇ ಸಾಕೆಂದು ಆ ದ್ವಾರವನ್ನು ಮುಚ್ಚುವುದು ಇನ್ನೂ ಸುಲಭ.

ಯಾವುದೇ ಪ್ಲಗಿನ್ನನ್ನು ಆರಿಸುವ ಮುನ್ನ ಭಂಡಾರದ ಪುಟದಲ್ಲಿ ಅದು ಕಡೆಯ ಸಲ ಪರಿಷ್ಕೃತವಾದ ದಿನವನ್ನೂ ಯಾವ ಆವೃತ್ತಿಯವರೆಗೆ ಪರೀಕ್ಷಿತವಾಗಿದೆಯೆಂಬುದನ್ನೂ ನೋಡಬೇಕು. ಇತ್ತೀಚಿನ ಮೂರು ಪ್ರಧಾನ ಆವೃತ್ತಿಗಳೊಡನೆ ಪರೀಕ್ಷಿಸದವುಗಳಿಗೆ ಅಲ್ಲಿಯೇ ಎಚ್ಚರಿಕೆಯ ಸೂಚನೆ ಇರುತ್ತದೆ. ಬಳಸದ ಪ್ಲಗಿನ್ನನ್ನು ನಿಷ್ಕ್ರಿಯಗೊಳಿಸಿ ಇಟ್ಟರೆ ಸಾಲದು, ಅಳಿಸಿಹಾಕಬೇಕು. ಅದರ ಕಡತಗಳು ತಾಣದಲ್ಲಿ ಉಳಿದಿರುವ ತನಕ ಅವುಗಳ ಬಿರುಕೂ ಉಳಿದಿರುತ್ತದೆ. ತಾಣದ ಹೆಸರು ವ್ಯಕ್ತಿಯದಾಗಿರದೆ ಸಂಘದ ಹೆಸರಿನಲ್ಲಿ ನೋಂದಣಿಯಾಗಿರಲಿ. ಗುಪ್ತಪದಗಳು ಇಬ್ಬರು ಪದಾಧಿಕಾರಿಗಳ ಬಳಿ ಇದ್ದು, ಸಮಿತಿ ಬದಲಾದಾಗ ಲೆಕ್ಕಪತ್ರಗಳೊಡನೆ ಹಸ್ತಾಂತರವಾಗಲಿ. ಕಾಪಿಟ್ಟ ಪ್ರತಿಯನ್ನು ಸಂಚಿಕೆಗೊಮ್ಮೆ ಬೇರೊಂದು ಗಣಕದಲ್ಲಿ ಬಿಚ್ಚಿ, ಹಳೆಯ ಲೇಖನವೊಂದನ್ನು ತೆರೆದು, ಅದರ ಒತ್ತಕ್ಷರಗಳೂ ಅಡಿಟಿಪ್ಪಣಿಗಳೂ ಯಥಾಸ್ಥಿತಿಯಲ್ಲಿವೆಯೇ ಎಂದು ಓದಿ ನೋಡುವ ಕೆಲಸವನ್ನು ಸಂಪಾದಕ ಮಂಡಳಿಯ ಒಬ್ಬರಿಗೆ ವಹಿಸತಕ್ಕದ್ದು.